ಕಾರಿಗೆಂದು ಮಾಡಿದ ನೆಲ

ಪಕ್ಕದ ಮನೆಯಲ್ಲಿ ಹುಲ್ಲು ಕೀಳುತ್ತಿದ್ದಾರೆ. ಈ ವಾಕ್ಯ ಬರೆಯುವಾಗಲೂ ಗುದ್ದಲಿಯ ಸದ್ದು ಕೇಳುತ್ತಿದೆ, ಕಿಟಕಿಯಿಂದ ವಾಸನೆ ಒಳಗೆ ಬರುತ್ತಿದೆ. ಹುಲ್ಲು ಕತ್ತರಿಸಿದಾಗಿನ ವಾಸನೆ ನಿಮಗೆ ಗೊತ್ತಿರುತ್ತದೆ; ಇದು ಅದಲ್ಲ. ಬೇರುಸಹಿತ ಮಗುಚಿ ಹಾಕಿದ ಹುಲ್ಲಿನದು ಸ್ವಲ್ಪ ಹಸಿ ಕಡಲೆಕಾಯಿಯಂಥ, ಸ್ವಲ್ಪ ಹಳೆಯ ಟ್ರಂಕಿನಂಥ ವಾಸನೆ. ಚಿಕ್ಕಮಗಳೂರಿನ ನಮ್ಮ ಬಡಾವಣೆಗೆ ಇದು ಹೊಸದೇನಲ್ಲ. ಒಂದೊಂದೇ ಮನೆಯ ಮುಂದಿನ ಹುಲ್ಲು ಹೋಗಿ ಇಂಟರ್‌ಲಾಕ್ ಕಲ್ಲು ಬಂದಿದೆ, ಅದರ ಮೇಲೆ ಒಂದು ಕಾರು, ಕಾರಿನ ಮೇಲೊಂದು ಬೆಳ್ಳಿ ಬಣ್ಣದ ಹೊದಿಕೆ. ಸಾಲಿನಲ್ಲಿ ಇನ್ನು ಹುಲ್ಲು ಉಳಿಯುವುದು ನನ್ನ ಮನೆಯ ಮುಂದೆ ಮಾತ್ರ. ನನ್ನ ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ಎದುರು ಮನೆಯ ಸಂಪಿಗೆ ಮರದ ಹಕ್ಕಿಗಳು ಆ ಬಗ್ಗೆ ತಮ್ಮ ಅಭಿಪ್ರಾಯವನ್ನು ದಿನವೂ ಅದರ ಮೇಲೆಯೇ ದಾಖಲಿಸಿ ಹೋಗುತ್ತವೆ.

ಪಕ್ಕದ ಮನೆಯ ರಾಜಶೇಖರ್ ಬ್ಯಾಂಕಿನಲ್ಲಿದ್ದಾರೆ. ದಾವಣಗೆರೆ ಕಡೆಯವರು, ವರ್ಗವಾಗಿ ಬಂದು ಇಲ್ಲೇ ಮನೆ ಕೊಂಡರು. ಬೆಳಿಗ್ಗೆ ಕಾಂಪೌಂಡ್ ಗೋಡೆಯ ಆಚೆಯಿಂದ, "ಸರ್, ನಿಮ್ಮದೂ ಒಟ್ಟಿಗೇ ಮಾಡಿಸಿಬಿಡ್ರಿ. ಹೆಂಗೂ ಕೆಲಸದವರು ಬಂದಾರ," ಎಂದರು. ನಾನು ಬೇಡ ಎಂದೆ. ಅವರು ಕಾರಣ ಕೇಳಲಿಲ್ಲ. ಕೇಳಿದ್ದರೆ ನನ್ನ ಉತ್ತರ ಸಿದ್ಧವಾಗಿತ್ತು, ಸಾಕಷ್ಟು ಉದ್ದವೂ ಇತ್ತು. ಅವರು ತಪ್ಪಿಸಿಕೊಂಡರು, ನೀವು ಸಿಕ್ಕಿಬಿದ್ದಿರಿ.

ನಾನು ಈ ಹುಲ್ಲು ಇಟ್ಟುಕೊಂಡಿರುವುದು ಸರೋಜ ಚಿಕ್ಕಮ್ಮನಿಗಾಗಿ. ಮೂಡಿಗೆರೆಯಲ್ಲಿ ಅವರ ಮನೆಯ ಮುಂದೆ ಹುಲ್ಲುಹಾಸಿತ್ತು. ಅದನ್ನು ಚಿಕ್ಕಪ್ಪ ಹೊಸ ಕಾರು ನಿಲ್ಲಿಸಲೆಂದು ಅಗೆಸಿ ಸಿಮೆಂಟು ಹಾಕಿಸಿದರು. ಆಗ ನನಗೆ ಮೂಡಿಗೆರೆಯಲ್ಲಿ ಮೊದಲ ಕೆಲಸ. ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ಎಲ್ಲವನ್ನೂ ಕಣ್ಣಾರೆ ಕಂಡವನು. ಮುಂದೆ ನನ್ನದೇ ಮನೆ ಕಟ್ಟಿಸಿದಾಗ, ಚಿಕ್ಕಮ್ಮ ಕಳೆದುಕೊಂಡದ್ದನ್ನು ನನ್ನ ಅಂಗಳದಲ್ಲಾದರೂ ಉಳಿಸಬೇಕೆಂದು ಹುಲ್ಲು ಹಾಕಿಸಿದೆ. ಇಷ್ಟೇ ಹೇಳಿ ನಿಲ್ಲಿಸಿದ್ದರೆ ಇದೊಂದು ಚೆಂದದ ಕಥೆ. ಕಣ್ಣಾರೆ ಕಂಡೆ ಎನ್ನುವವರನ್ನು ನಂಬಬೇಡಿ ಎಂದು ಮಾತ್ರ ಈಗಲೇ ಹೇಳಿರುತ್ತೇನೆ.

ಉದಾಹರಣೆಗೆ ಆ ಹುಲ್ಲುಹಾಸಿನ ಅಳತೆ. ನನ್ನ ನೆನಪಿನಲ್ಲಿ ಅದು ಶಾಲೆಯ ಮೈದಾನದಷ್ಟಿದೆ. ಆದರೆ ಒಂದೇ ಕಾರಿಗೆ ಸರಿಹೋದ ಜಾಗ ಮೈದಾನವಾಗಿರಲು ಸಾಧ್ಯವಿಲ್ಲ. ಅದು ಎಲ್ಲಿಂದ ಬಂತು ಎಂಬುದಕ್ಕೂ ನನ್ನಲ್ಲೊಂದು ಕಥೆಯಿದೆ: ಅತ್ತಿಗುಂಡಿ ಕಡೆಯ ಯಾವುದೋ ಎಸ್ಟೇಟ್ ಬಂಗಲೆಯ ಮದುವೆಗೆ ಹೋದ ಚಿಕ್ಕಮ್ಮ, ಊಟದ ನಂತರ ಅಲ್ಲಿನ ಹುಲ್ಲಿನ ಒಂದು ತುಂಡನ್ನು ಬೇರುಸಹಿತ ಕಿತ್ತು ತಾಂಬೂಲದ ಚೀಲದಲ್ಲಿ, ತೆಂಗಿನಕಾಯಿಯ ಅಡಿಗೆ ಇಟ್ಟುಕೊಂಡು ಬಂದರಂತೆ. ಇದನ್ನು ನನಗೆ ಯಾರು ಹೇಳಿದರೋ ಗೊತ್ತಿಲ್ಲ. ಸುಳ್ಳಾಗಿದ್ದರೂ ಬಿಡಲು ಮನಸ್ಸಿಲ್ಲ.

ಮಳೆಗಾಲದಲ್ಲಿ ಹುಲ್ಲು ಇಂಬಳಗಳದ್ದು. ಕಾಲಿಟ್ಟವರ ರಕ್ತ ಹೀರಿ ಅವು ಸುಖವಾಗಿದ್ದವು. ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಅದು ಚಿಕ್ಕಮ್ಮನ ಕೈಗೆ ಬರುತ್ತಿತ್ತು. ಚಿಕ್ಕಪ್ಪನಿಗೆ ಬಾಳೂರಿನ ಹತ್ತಿರ ಸಣ್ಣ ಕಾಫಿ ತೋಟ. ಆದ್ದರಿಂದ ಮನೆಯ ಹಾಲ್‌ನಲ್ಲಿ ಸದಾ ನಾಲ್ಕು ಜನ ಬೆಳೆಗಾರರು ಕೂತು ಕಾಫಿ ರೇಟು, ಮಳೆ, ಗಿಡ ಕೊರೆಯುವ ಕಾಂಡಕೊರಕ ಹುಳ, ಮತ್ತೆ ಕಾಫಿ ರೇಟು ಎಂದು ಮಾತಾಡುತ್ತಿದ್ದರು. ಹಾಲ್ ಗಂಡಸರದು, ಅಡುಗೆಮನೆ ಕೆಲಸದ್ದು. ಚಿಕ್ಕಮ್ಮ ತನ್ನ ಸ್ನೇಹಿತೆಯರನ್ನು ಕೂರಿಸಿ ಮಾತಾಡಿಸಬಹುದಾದ ಜಾಗ ಹುಲ್ಲು ಒಂದೇ. ಸಂಜೆಯಾದರೆ ಎದುರು ಮನೆಯ ಪದ್ಮಕ್ಕ, ಅವರ ಹಿಂದೆ ಬೀದಿಯ ಇನ್ನೂ ಕೆಲವರು ಬರುತ್ತಿದ್ದರು. ಕಾಲು ಚಾಚಿ ಕೂತು ಅವರು ನಗುತ್ತಿದ್ದ ರೀತಿಗೆ ಹಾಲ್‌ನಲ್ಲಿ ಕಾಂಡಕೊರಕದ ಚರ್ಚೆ ಆಗಾಗ ನಿಂತುಹೋಗುತ್ತಿತ್ತು.

ಹೀಗಿರುವಾಗ ಕಾರು ಬಂತು. ತೋಟದ ಜೀಪು ರಸ್ತೆಯಲ್ಲೇ ಬಿದ್ದುಕೊಂಡಿರುತ್ತಿತ್ತು, ಅದರ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಕಾರಿನ ವಿಷಯ ಬೇರೆ. ಚಿಕ್ಕಪ್ಪ ಊಟದ ನಡುವೆ ಎದ್ದು ಹೋಗಿ ನೋಡಿ ಬರತೊಡಗಿದರು.

"ರಸ್ತೇಲಿ ನಿಂತ್ರೆ ಯಾರಾದ್ರೂ ಗೀರಿ ಹೋಗ್ತಾರೆ ಮಾರಾಯ್ತಿ. ಹುಲ್ಲು ತೆಗ್ಸಿ ನೆಲ ಮಾಡ್ಸಿದ್ರೆ ಒಳಗೇ ನಿಲ್ಸಬಹುದು," ಎಂದು ಒಂದು ದಿನ ಹೇಳಿಯೇಬಿಟ್ಟರು.

"ನಾವೆಲ್ಲಿ ಕೂತ್ಕೊಳ್ಳೋದು?" ಎಂದರು ಚಿಕ್ಕಮ್ಮ.

"ಒಳಗೆ ಕೂತ್ಕೊಳ್ಳಿ. ಹಾಲ್ ಇಲ್ವಾ?"

"ಹಾಲಲ್ಲಿ ನಿಮ್ ಪಾರ್ಲಿಮೆಂಟ್ ನಡೀತಿರುತ್ತಲ್ಲ. ಪದ್ಮಕ್ಕ ಬಂದು ಅದ್ರಲ್ಲಿ ಪ್ರಶ್ನೆ ಕೇಳ್ಬೇಕಾ?"

"ಕಾರಲ್ಲೇ ಕೂತ್ಕೊಳ್ಳಿ ಹಂಗಾರೆ. ಒಳ್ಳೆ ಸೀಟಿದೆ."

ಚಿಕ್ಕಮ್ಮ ನಗಲಿಲ್ಲ. ಕೊಯ್ಲು ಶುರುವಾಗುವ ಮೊದಲೇ ಗಾರೆ ಕೆಲಸದ ಕೃಷ್ಣಪ್ಪ ಬಂದ. ಹುಲ್ಲು ಅಗೆದ ದಿನದ ಒಂದು ಚಿತ್ರ ನನ್ನಲ್ಲಿ ಸ್ಪಷ್ಟವಾಗಿದೆ: ಮುಂದಿನ ಕೋಣೆಯ ಕಿಟಕಿ, ಸರಳುಗಳ ಹಿಂದೆ ಚಿಕ್ಕಮ್ಮ, ಕಣ್ಣಿಗೊತ್ತಿದ ಸೆರಗು. ಅಂದು ಸಂಜೆ ಪದ್ಮಕ್ಕ ಗೇಟಿನವರೆಗೆ ಬಂದು ಕೆಂಪು ಮಣ್ಣನ್ನು ನೋಡಿ, "ಹೋಯ್ತಲ್ಲೇ ಸರೋಜ," ಎಂದು ಅಲ್ಲಿಂದಲೇ ತಿರುಗಿದರು. ಮತ್ತೆ ಎಷ್ಟೋ ಸಂಜೆ ಯಾರೂ ಬರಲಿಲ್ಲ. ಚಿಕ್ಕಮ್ಮ ಒಮ್ಮೆ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಒಮ್ಮೆ ಗೇಟಿನ ಹತ್ತಿರ ನಿಲ್ಲುತ್ತಿದ್ದರು, ಎದ್ದು ಹೋಗಿ ಆಗಲೇ ಆರಿಸಿದ್ದ ಅಕ್ಕಿಯನ್ನು ಮತ್ತೆ ಆರಿಸುತ್ತಿದ್ದರು.

ಚಿಕ್ಕಪ್ಪ ಕೊಯ್ಲಿಗೆಂದು ಬಾಳೂರಿನಲ್ಲೇ ಉಳಿದಿದ್ದಾಗ ನೆಲ ಮುಗಿಯಿತು. ವಾಪಸು ಬಂದವರು ಗೇಟು ತೆಗೆಸಿ ಕಾರನ್ನು ಒಳಗೆ ತರಲು ಹೋಗಿ, ಬ್ರೇಕು ಹಾಕಿ ಇಳಿದರು. ನೆಲ ಕನ್ನಡಿಯಂತೆ ನುಣ್ಣಗಿತ್ತು, ಒಂದು ಮೂಲೆಗೆ ಹದವಾಗಿ ಇಳಿಜಾರಾಗಿತ್ತು. ಸುತ್ತಲೂ ಗೇಣೆತ್ತರದ ಅಂಚು ಕಟ್ಟಿತ್ತು, ಗೇಟಿನ ಕಡೆಯೂ.

"ಇದೇನೋ ಕೃಷ್ಣಪ್ಪ, ಕಾರು ಹಾರ್ಕೊಂಡ್ ಬರ್ಬೇಕಾ?"

"ಕಾಫಿ ಆಚೆ ಉರುಳಿ ಹೋಗ್ಬಾರ್ದಲ್ಲ ಗೌಡ್ರೆ," ಎಂದ ಕೃಷ್ಣಪ್ಪ.

"ಯಾವ ಕಾಫಿ ಮಾರಾಯ? ಕಾರು ನಿಲ್ಸಕ್ಕೆ ಅಂತ ಹೇಳಿರ್ಲಿಲ್ವಾ?"

"ಹೇಳಿದ್ರಿ. ಆದ್ರೂ ನೆಲ ಅಂದ್ರೆ ಅಂಚು ಇರ್ಬೇಕಲ್ಲ."

ನಮ್ಮ ಕಡೆ ಮನೆಯ ಮುಂದೆ ಸಿಮೆಂಟು ನೆಲವೆಂದರೆ ಕಾಫಿ ಒಣಗಿಸುವ ಕಣ. ಕೃಷ್ಣಪ್ಪ ಜೀವಮಾನವೆಲ್ಲ ಮಾಡಿದ್ದು ಕಣಗಳನ್ನೇ. ಅವನ ಕೈ ಕಾರನ್ನು ಮರೆತು ಕಾಫಿಯನ್ನು ನೆನಪಿಟ್ಟುಕೊಂಡಿತ್ತು. ಅಂಚಿನೊಳಗೆ ನೀರು ಕಟ್ಟಿ ನೆಲ ಗಟ್ಟಿಯಾಗಲು ಬಿಟ್ಟರು. ಆಮೇಲೆ ಗೇಟಿನ ಕಡೆಯದನ್ನು ಒಡೆಸುವುದೆಂದಾಯಿತು. ಕಾರು ಹೊರಗೆ ಜೀಪಿನ ಹಿಂದೆ ನಿಂತಿತು.

ಕಟ್ಟಿದ್ದ ನೀರನ್ನು ಹೊರಬಿಟ್ಟು ನೆಲ ಒಣಗಿದ ಬೆಳಿಗ್ಗೆ ಚಿಕ್ಕಪ್ಪ ಲೋಟ ಹಿಡಿದು ಜಗಲಿಯಲ್ಲಿ ನಿಂತರು. ಬಾಳೂರಿನಲ್ಲಿ ಆ ದಿನಗಳಲ್ಲಿ ಹೊತ್ತೇರಿದರೂ ಮಂಜು ಕರಗುತ್ತಿರಲಿಲ್ಲ. ಅಲ್ಲಿನ ಕಣದಲ್ಲಿ ಹಣ್ಣು ಒಣಗಲೊಲ್ಲದೆ ಬೆವರುತ್ತಿತ್ತು. ಇಲ್ಲಿ ಮೂಡಿಗೆರೆಯಲ್ಲಿ ಅಂಗಳದ ತುಂಬ ಬಿಸಿಲು. ಲೋಟ ಖಾಲಿಯಾದರೂ ಅವರು ಒಳಗೆ ಹೋಗಲಿಲ್ಲ. ಖಾಲಿ ನೆಲದ ಮೇಲೆ ಬಿಸಿಲು ಬೀಳುವುದನ್ನು ನೋಡುವುದು ಕಾಫಿ ಬೆಳೆಗಾರನಿಗೆ ನಲ್ಲಿ ಸುಮ್ಮನೆ ಸುರಿಯುವುದನ್ನು ನೋಡಿದ ಹಾಗೆ.

"ಎಂಥಾ ಬಿಸಿಲು ಮಾರಾಯ. ದಂಡ ಆಗ್ತಾ ಇದೆಯಲ್ಲ," ಎಂದರು ನನಗೆ.

ಮಾರನೆಯ ದಿನ ಜೀಪು ಬಾಳೂರಿನಿಂದ ಕಾಫಿ ಹಣ್ಣು ತುಂಬಿಕೊಂಡು ಬಂತು. "ಇದೊಂದು ಲೋಡ್ ಅಷ್ಟೇ. ಒಣಗಿದ್ ಮೇಲೆ ಅಂಚು ಒಡ್ಸೋಣ," ಎಂದು ಚಿಕ್ಕಪ್ಪ ಯಾರ ಮುಖವನ್ನೂ ನೋಡದೆ ಹೇಳಿದರು. ಅದು ಒಣಗುವ ಮೊದಲೇ ಇನ್ನೊಂದು ಲೋಡ್ ಬಂತು. ಪದ್ಮಕ್ಕನ ಮನೆಯಿಂದ ಒಂದು ಮೊರ ಕಾಳುಮೆಣಸು ಬಂದು ಮೂಲೆ ಹಿಡಿಯಿತು. ಹೊರಗೇ ನಿಂತಿದ್ದ ಕಾರನ್ನು ಹಾಲಿನ ವ್ಯಾನು ಗೀರಿ ಹೋಯಿತು. ಈ ಗೀರು ನಿಜವಾಗಿ ಬಿದ್ದದ್ದೋ, ಕಥೆಗೆ ಚೆನ್ನಾಗಿರುತ್ತದೆಂದು ನಾನೇ ಈಚೆಗೆ ಎಳೆದದ್ದೋ, ಪ್ರಮಾಣ ಮಾಡಿ ಹೇಳಲಾರೆ.

ಕಾಫಿ ಹರಡಿದರೆ ಸಂಜೆ ಮಂಜು ಬೀಳುವ ಮೊದಲು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕು. ಮೊದಲ ಸಂಜೆ ಚಿಕ್ಕಮ್ಮ ಒಬ್ಬರೇ ಕಾಫಿ ಎಳೆಯುತ್ತಿದ್ದುದನ್ನು ಕಂಡು ಪದ್ಮಕ್ಕ ರಸ್ತೆ ದಾಟಿ ಬಂದರು. ಇಬ್ಬರೂ ಗುಡ್ಡೆ ಮಾಡಿ ಮುಚ್ಚಿದರು. ಸುಸ್ತಾದ ಪದ್ಮಕ್ಕ ಖಾಲಿಯಾದ ನೆಲದ ಮೇಲೆ ಹಾಗೇ ಕುಸಿದು ಕೂತವರು, ಅಂಗೈಯನ್ನು ನೆಲಕ್ಕೊತ್ತಿ ನೋಡಿದರು.

"ಏ ಸರೋಜ, ನೆಲ ಬೆಚ್ಚಗಿದೆ ಕಣೇ. ಒಲೆ ಮುಂದೆ ಕೂತಂಗಿದೆ. ಬಾ ಇಲ್ಲಿ."

ಹಗಲಿಡೀ ಕುಡಿದ ಬಿಸಿಲನ್ನು ಸಿಮೆಂಟು ಬಿಟ್ಟಿರಲಿಲ್ಲ. ಹುಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಮಂಜು ಕೂತು ಸೀರೆ ಒದ್ದೆಯಾಗಿ, ದೀಪ ಹಚ್ಚುವ ಮೊದಲೇ ಎಲ್ಲರೂ ಏಳುತ್ತಿದ್ದರು. ಅಂದು ದೀಪ ಹಚ್ಚಿ ಬಂದು ಮತ್ತೆ ಕೂತರು. ವಾರದೊಳಗೆ ಬೀದಿಯ ಹೆಂಗಸರೆಲ್ಲ ಅಲ್ಲಿದ್ದರು. ಚಳಿಗೆ ಕೈ ಉಜ್ಜಿಕೊಳ್ಳುತ್ತ ಹಾಲ್‌ನ ಪಾರ್ಲಿಮೆಂಟೂ ಜಗಲಿಗೆ ಬಂದು ಆಸೆಯಿಂದ ನೋಡತೊಡಗಿದಾಗ ಚಿಕ್ಕಮ್ಮ ನಿಯಮ ಹೇಳಿದರು: "ಕೂರೋರು ಮೊದ್ಲು ಗುಡ್ಡೆ ಮಾಡ್ಬೇಕು." ಗೌಡರುಗಳು ಪಂಚೆ ಎತ್ತಿ ಕಟ್ಟಿದರು.

ಇಷ್ಟು ಬರೆದು ಓದಿದರೆ ನನಗೇ ಅನುಮಾನ. ಹಾಗಾದರೆ ನನ್ನ ಹುಲ್ಲು ಯಾವುದರ ನೆನಪು? ಎಲ್ಲರೂ ನಗುತ್ತಿದ್ದ ಆ ನೆಲವನ್ನು ಬಿಟ್ಟು ಕಿಟಕಿಯ ಸೆರಗನ್ನೇ ಯಾಕೆ ಹಿಡಿದುಕೊಂಡೆ? ಕಳಸದಲ್ಲಿ ಟೀಚರಾಗಿರುವ ಚಿಕ್ಕಮ್ಮನ ಮಗಳು ವನಜಳಿಗೆ ಫೋನ್ ಮಾಡಿದೆ.

"ಅಮ್ಮ ಕಿಟಕಿ ಹತ್ರ ಅಳ್ತಿದ್ರಾ? ಆ ಕಿಟಕಿಗೆ ಬೀರು ಅಡ್ಡ ಇತ್ತಲ್ಲ. ಬೀರು ಒಳಗೆ ನಿಂತು ಅತ್ರಾ?" ಎಂದಳು. ಆಮೇಲೆ, "ಅಂಚು ಕಟ್ಟು ಅಂತ ಕೃಷ್ಣಪ್ಪಂಗೆ ಹೇಳಿದ್ದೇ ಅಮ್ಮ. ಅಪ್ಪ ಬಾಳೂರಲ್ಲಿದ್ದಾಗ. ಪಾಪ ಅವ್ನು ಬೈಸ್ಕೊಂಡು ಸುಮ್ನಿದ್ದ," ಎಂದಳು.

ಇದನ್ನೂ ನಂಬುವ ಹಾಗಿಲ್ಲ; ವನಜ ಚಿಕ್ಕಂದಿನಿಂದಲೂ ಅಮ್ಮನನ್ನು ಗೆಲ್ಲಿಸಿಯೇ ಕಥೆ ಹೇಳುವವಳು. ಚಿಕ್ಕಮ್ಮನಿಗೇ ಫೋನ್ ಮಾಡಿದೆ.

"ಯಾವ ಅಂಚು? ಹೇಳಿದ್ರೂ ಹೇಳಿರ್ಬಹುದು, ಯಾರಿಗೆ ನೆನಪಿರುತ್ತೆ ಮಾರಾಯ," ಎಂದರು. "ನೆಲ ಬೆಚ್ಚಗಿರುತ್ತೆ ಅನ್ನೋದು ಮಾತ್ರ ನಂಗೆ ಮೊದ್ಲು ಗೊತ್ತಿರ್ಲಿಲ್ಲ. ಗೊತ್ತಿದ್ರೆ ಹುಲ್ಲನ್ನ ನಾನೇ ಕಿತ್ತು ಹಾಕ್ತಿದ್ದೆ."

"ಹುಲ್ಲು ಹೋಗಿದ್ದಕ್ಕೆ ಬೇಜಾರಾಗ್ಲಿಲ್ವಾ ಚಿಕ್ಕಮ್ಮ?"

"ಆಗ್ದೆ ಏನು. ಪದ್ಮಕ್ಕ ಬರೋದು ನಿಂತೋಗುತ್ತೆ ಅಂತ ಬೇಜಾರಾಗಿತ್ತು. ಹುಲ್ಲಿಗೆ ಯಾರು ಅಳ್ತಾರೆ? ಪದ್ಮಕ್ಕ ಇಲ್ಲೇ ಇದಾಳೆ, ಕೊಡ್ಲಾ?" ಹಿಂದಿನಿಂದ ಯಾರೋ ಏನೋ ಹೇಳಿ ನಕ್ಕರು. "ಅದಿರ್ಲಿ, ನಿನ್ ಮನೆ ಮುಂದೆ ಏನಿದೆ ಈಗ?"

"ಹುಲ್ಲು."

"ಅದ್ರ ಮೇಲೆ ಯಾರು ಬಂದು ಕೂರ್ತಾರೆ?"

ಹುಲ್ಲಿನ ಸುತ್ತ ಸಣ್ಣ ತಂತಿ ಕಟ್ಟಿಸಿದ್ದೇನೆ, ಯಾರೂ ತುಳಿಯಬಾರದೆಂದು. ಅದನ್ನು ಚಿಕ್ಕಮ್ಮನಿಗೆ ಹೇಳುವುದು ಹೇಗೆ?

"ಕಾಳುಮೆಣಸು ಕುಯ್ಸಿದೀನಿ. ಇಲ್ಲಿ ನೆಲ ಎಲ್ಲ ಕಾಫಿ ತುಂಬಿದೆ. ಒಂದು ಚೀಲ ಬಸ್ಸಿಗೆ ಹಾಕ್ತೀನಿ, ಒಣಗಿಸ್ಕೊಂಡು ಇಟ್ಕೋ," ಎಂದರು.

"ಹುಲ್ಲಿನ ಮೇಲೆ ಹೆಂಗೆ ಒಣಗಿಸ್ಲಿ?"

"ಅಷ್ಟು ದೊಡ್ಡ ಊರಲ್ಲಿ ಯಾರ ಮನೆ ಮುಂದೂ ನೆಲ ಇಲ್ವಾ?" ಎಂದು ಫೋನ್ ಇಟ್ಟರು.

ಇಲ್ಲಿಂದ ಮುಂದಿನದನ್ನು ಕೆಲವು ದಿನ ಬಿಟ್ಟು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಕೆಲಸ ಮುಗಿದಿದೆ. ನಿನ್ನೆ ಸಂಜೆ ರಾಜಶೇಖರ್ ಕಾರನ್ನು ಮೊದಲ ಬಾರಿಗೆ ಒಳಗೆ ನಿಲ್ಲಿಸಿ, ದೂರ ನಿಂತು ನೋಡಿ, ಹತ್ತಿರ ಬಂದು ನೋಡಿ, ಹೊದಿಕೆ ಹೊದಿಸಿದರು. ಇವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಿಂದ ಮೆಣಸಿನ ಚೀಲ ತಂದೆ. ಹಸಿ ಮೆಣಸು, ಇಟ್ಟರೆ ಬೂಸಲು ಹಿಡಿಯುತ್ತದೆ. ಚೀಲವನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟುಕೊಂಡು ಅವರನ್ನು ಕರೆದೆ. ಹುಲ್ಲಿನ ಪರವಾಗಿ ನಾನು ಕಟ್ಟಿಟ್ಟಿದ್ದ ಭಾಷಣದ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ.

"ಇಲ್ಲಿ ಬಿಸಿಲು ಎಷ್ಟು ಹೊತ್ತಿರುತ್ತೆ ಸಾರ್?"

"ಸಂಜೀ ತನಕ ಇರ್ತದ್ರಿ. ಯಾಕ್ರಿ ಸರ್?"

ಚೀಲದ ಬಾಯಿ ಬಿಚ್ಚಿ ತೋರಿಸಿದೆ. ಅವರು ಒಂದು ಹಸಿರು ಕಾಳನ್ನು ಬೆರಳಲ್ಲಿ ಹೊರಳಿಸಿ ಮೂಸಿದರು. ಇಂಟರ್‌ಲಾಕ್ ನೋಡಿದರು, ಕಾರು ನೋಡಿದರು. ಒಳಗಿನಿಂದ ಅವರ ಹೆಂಡತಿ ಬಂದು ತಾವೂ ಮೂಸಿ, "ನಮ್ ಸಂಡಿಗೀನೂ ಹಾಕಬಹುದಿತ್ತಲ್ರಿ," ಎಂದು ಗಂಡನಿಗೆ ಹೇಳಿದರು. ರಾಜಶೇಖರ್ ನಿಟ್ಟುಸಿರಿಟ್ಟು ಹೊದಿಕೆ ತೆಗೆದು, ಕಾರನ್ನು ಹಿಮ್ಮುಖವಾಗಿ ಹೊರಗೆ ತಂದು ಸಂಪಿಗೆ ಮರದ ಕೆಳಗೆ, ನನ್ನ ಕಾರಿನ ಹಿಂದೆ ನಿಲ್ಲಿಸಿದರು.

"ಸಂಜೆ ಮಂಜು ಬೀಳೋ ಮುಂಚೆ ಗುಡ್ಡೆ ಮಾಡ್ಬೇಕು. ನಾನೇ ಬಂದು ಮಾಡ್ತೀನಿ," ಎಂದೆ.

"ಬರ್ರಿ. ಮನಿಯವರನ್ನೂ ಕರ್ಕೊಂಡ್ ಬರ್ರಿ. ಚಾ ಇಲ್ಲೇ ಕುಡಿಯೋಣ."

ನಾನು ಚೀಲವನ್ನು ಗೋಡೆಯ ಮೇಲಿಂದಲೇ ಅವರ ಕಡೆಗೆ ದಾಟಿಸಲು ಎತ್ತಿದೆ.

"ಗೇಟಿಂದ ಬರ್ರಿ ಸರ್," ಎಂದರು ಅವರ ಹೆಂಡತಿ.

ಸುತ್ತಿ ಹೋದೆ. ಅವರ ಗೇಟಿನ ಚಿಲಕ ಯಾವ ಕಡೆಗೆ ಎಳೆದರೆ ತೆಗೆಯುತ್ತದೆ ಎಂಬುದು, ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ, ನನಗೆ ಗೊತ್ತಿರಲಿಲ್ಲ.