ಶನಿವಾರದ ಸವಾಲು-ಜವಾಬು

ಹುನಗುಂದದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹುಡುಗರು ಹೇಳುತ್ತಾರೆ. ಸುಳ್ಳೇನಲ್ಲ. ಇರಾನ್ ಮತ್ತು ಇಸ್ರೇಲ್ ನಡುವೆ ಕ್ಷಿಪಣಿ ಹಾರಾಡುತ್ತಿದ್ದ ದಿನಗಳಲ್ಲಿ ಎರಡನೆಯ ವರ್ಷದ ಬಿ.ಎ.ದವರು ಬಂದು, ಪ್ರತಿ ಶನಿವಾರ ಮಧ್ಯಾಹ್ನ ಯುದ್ಧದ ಬಗ್ಗೆ ತಾವೇ ಮಾತಾಡಿಕೊಳ್ಳಲು ಒಂದು ಕೋಣೆ ಬೇಕು ಎಂದರು. "ಮೊದಲ ಪರೀಕ್ಷಾಕ ಓದ್ರಿ, ಆಮ್ಯಾಲೆ ಜಗತ್ತಿನ ಜಗಳ ಬಿಡಸೀರಂತ" ಎಂದು ಬೈದು ಕಳಿಸಿದೆ. ಅವರು ಮತ್ತೆ ಮತ್ತೆ ಬಂದರು. ಮೂರನೆಯ ಸಲಕ್ಕೆ ನನಗೇ ಬೇಸರ ಬಂದು ಕೋಣೆಯ ಕೀಲಿ ಕೊಟ್ಟೆ.

ಮೊದಲ ಶನಿವಾರ ಒಬ್ಬೊಬ್ಬರೂ ಮೊಬೈಲಿನಲ್ಲಿ ನೋಡಿದ್ದನ್ನು ಓದಿ ಹೇಳಿದರು. ಅರ್ಧ ಗಂಟೆಗೆ ಎಲ್ಲರಿಗೂ ಆಕಳಿಕೆ. ಆಗ ಕಮತಗಿಯ ಹುಡುಗನೊಬ್ಬ ದಾರಿ ಹುಡುಕಿದ. ಅವನ ಅಜ್ಜ ಹರದೇಶಿ ಮೇಳದಲ್ಲಿ ದಪ್ಪು ಬಾರಿಸಿ ಲಾವಣಿ ಹಾಡಿದವರು. ಹರದೇಶಿ ಮೇಳವೂ ನಾಗೇಶಿ ಮೇಳವೂ ಎದುರುಬದುರು ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ಸವಾಲು ಹಾಕಿ ಜವಾಬು ಕೇಳುವುದುಂಟು. ಜವಾಬು ಬಾರದೆ ಸುಮ್ಮನಾದ ಮೇಳ ಸೋತಂತೆ. ಹಾಗೇ ನಾವೂ ಆಡೋಣ ಎಂದ. ಮರು ಶನಿವಾರ ಚೀಟಿ ಎತ್ತಿ ಒಂದು ಬದಿಯವರು ಇರಾನ್, ಇನ್ನೊಂದು ಬದಿಯವರು ಇಸ್ರೇಲ್ ಆದರು. ತೀರ್ಪು ಕೊಡಲು ನನ್ನನ್ನೇ ಕೂರಿಸಿದರು. ಕೋಣೆ ತುಂಬಿತು, ಕಿಟಕಿಯಲ್ಲೂ ತಲೆಗಳು. ನಿಜ ಹೇಳಬೇಕೆಂದರೆ ನನಗೂ ಅದರ ಗೀಳು ಹತ್ತಿಬಿಟ್ಟಿತು.

ಮೂರನೆಯ ಶನಿವಾರ ಆ ಹುಡುಗ ದಪ್ಪು ಬಡಿದು ಇರಾನ್ ಬದಿಗೆ ಸವಾಲು ಹಾಕಿದ: ನೀವು ಕೊಲ್ಲಿಯ ಕಡಲ ದಾರಿಗೆ ಅಡ್ಡ ನಿಂತರೆ, ಎಣ್ಣೆ ಹಡಗಿಗೆ ಬೆಂಕಿ ಬಿದ್ದರೆ, ಒಳಗಿದ್ದವರು ಯಾವ ದೇಶದ ವೈರಿಗಳು? ಜವಾಬು ಕೊಡಬೇಕಾಗಿದ್ದವಳು ಇಳಕಲ್ಲಿನಿಂದ ದಿನವೂ ಬಸ್ಸಿಗೆ ಬರುವ ಹುಡುಗಿ. ಮಾತಿನಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. ಎದ್ದು ನಿಂತಳು, ಬಾಯಿ ತೆರೆದಳು, ಏನೂ ಹೇಳದೆ ಕೂತಳು. ಹಿಂದಿನ ಬೆಂಚಿನವರು ಸೀಟಿ ಹೊಡೆದರು. "ಜವಾಬು ಬರಲಿಲ್ಲ. ಸೋತ್ರಿ, ಮುಗೀತು" ಎಂದು ನಾನೇ ಹಲಗೆಯ ಮೇಲೆ ಗೆರೆ ಎಳೆದೆ. ಅವಳು ಚೀಲ ಎತ್ತಿಕೊಂಡು ಹೊರಗೆ ಹೋದಳು.

ಸೋಮವಾರ ಬರಲಿಲ್ಲ, ಮಂಗಳವಾರವೂ ಇಲ್ಲ. ಅವಳ ಗೆಳತಿಯನ್ನು ಕೇಳಿದರೆ, ಅವಳ ಅಣ್ಣ ಆ ಕಡಲಿನಲ್ಲೇ ಎಣ್ಣೆ ಹಡಗೊಂದರಲ್ಲಿ ಅಡುಗೆಯವನು, ವಾರದಿಂದ ಫೋನಿಲ್ಲ ಎಂದಳು. ಹಲಗೆಯ ಮೇಲೆ ನಾನು ಎಳೆದ ಗೆರೆ ಇನ್ನೂ ಹಾಗೇ ಇತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇದನ್ನು ನನಗಿಂತ ಮೊದಲೇ ಕೇಳಿದ್ದ ಕಮತಗಿಯ ಹುಡುಗ ಎರಡು ದಿನ ಸರಿಯಾಗಿ ಉಂಡಿರಲಿಲ್ಲವಂತೆ. ಬುಧವಾರ ಇಬ್ಬರೂ ಇಳಕಲ್ಲಿನ ಬಸ್ಸು ಹತ್ತಿದೆವು.

ಒಳಕೋಣೆಯಲ್ಲಿ ಅವಳ ತಾಯಿ ಸೀರೆ ನೇಯುತ್ತಿದ್ದರು, ಮಗ್ಗದ ಸಪ್ಪಳ ನಿಂತಿರಲಿಲ್ಲ. ಹುಡುಗಿ ಚಹಾ ತಂದಿಟ್ಟಳು. ಹುಡುಗ ಕಪ್ಪನ್ನೇ ನೋಡುತ್ತಾ, "ತಪ್ಪಾತು. ಇನ್ನ ಶನಿವಾರದ್ದು ಬಂದ್ ಮಾಡ್ತೀವಿ" ಎಂದ. ನಾನು ಹೇಳಬೇಕೆಂದಿದ್ದೂ ಅದೇ.

ಅವಳಿಗೆ ಸಿಟ್ಟು ಬಂತು. ತಾಯಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು. "ಬಂದ್ ಯಾಕ ಮಾಡ್ತಿ? ಮನ್ಯಾಗ ಅಣ್ಣನ ಮಾತ ತಗದ್ರ ಅವ್ವ ಅಳ್ತಾಳ. ಓಣ್ಯಾಗ ಆಡಿದ್ರ ಎಲ್ಲಾರೂ ಅಯ್ಯೋ ಪಾಪ ಅಂತಾರ. ಆ ಕೋಣ್ಯಾಗೂ ಮಾತಾಡಬ್ಯಾಡ ಅಂದ್ರ ನಾ ಎಲ್ಲಿ ಹೋಗಿ ಆಡ್ಲಿ?"

ಚಹಾ ಆರಿಹೋಗಿತ್ತು, ಹಾಗೇ ಕುಡಿದೆವು.

ಆ ಶನಿವಾರ ದಪ್ಪು ಬರಲಿಲ್ಲ. ಬೆಂಚುಗಳನ್ನು ಗೋಡೆಗೆ ಸರಿಸಿ ಎಲ್ಲರೂ ಸುತ್ತ ಕೂತರು. ಅವಳು ಕಮತಗಿಯ ಹುಡುಗನನ್ನೇ ಕೇಳಿದಳು: "ನಮ್ಮಣ್ಣ ರೊಟ್ಟಿ ಬಡಿಯಾಕ ಹೋದಾಂವ. ಆಂವ ಯಾರ ಕಡಿ?"

ಅವನು "ನನಗ ಗೊತ್ತಿಲ್ಲ" ಎಂದ. ಎಲ್ಲರೂ ನನ್ನ ಮುಖ ನೋಡಿದರು. ಇಷ್ಟು ವರ್ಷ ಅಂತರರಾಷ್ಟ್ರೀಯ ಸಂಬಂಧಗಳ ನೋಟ್ಸ್ ಬರೆಸಿದವನು ನಾನು. "ನನಗೂ ಗೊತ್ತಿಲ್ಲ" ಎಂದೆ. ನಾನು ಹಾಗೆ ಹೇಳಿದ್ದು ಆ ಕೋಣೆಯಲ್ಲಿ ಅದೇ ಮೊದಲು. ಆಮೇಲೆ ಮಾತು ಶುರುವಾಗಿ ಎರಡು ತಾಸು ನಡೆಯಿತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಲಿಲ್ಲ. ನಾನಂತೂ ಸೀಮೆಸುಣ್ಣ ಮುಟ್ಟಲಿಲ್ಲ.

ಮರು ಮಂಗಳವಾರ ಅಣ್ಣನ ಫೋನು ಬಂತು. ಹಡಗು ಯಾವುದೋ ಬಂದರು ಸೇರಿತ್ತು. ಅವಳು ಪೇಢೆ ಹಂಚಿದಳು. ಕಮತಗಿಯ ಹುಡುಗ ಎರಡು ತಿಂದು, ಮೂರನೆಯದಕ್ಕೆ ಕೈ ಚಾಚಿ ಬೈಸಿಕೊಂಡ. ನನ್ನ ಎದೆಯೂ ಹಗುರಾಯಿತು. ಇನ್ನು ಈ ಶನಿವಾರಗಳಿಗೆ ಇವಳು ಬರಲಿಕ್ಕಿಲ್ಲ, ಪರೀಕ್ಷೆಗೆ ಓದಿಕೊಳ್ಳಲಿ ಎಂದುಕೊಂಡೆ.

ಶನಿವಾರ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದಳು.

"ಅಣ್ಣ ಮುಟ್ಯಾನಲ್ಲವಾ, ಇನ್ನೇನು?" ಎಂದೆ.

"ಅವರ ಹಿಂದ ಇನ್ನೊಂದು ಹಡಗ ಬರ್ತಿತ್ತಂತ್ರಿ ಸರ್. ಅದು ಇನ್ನೂ ಮುಟ್ಟಿಲ್ಲಂತ" ಎಂದಳು. "ಅದರಾಗೂ ಒಬ್ಬ ಅಡಗಿಯಾಂವ ಇರ್ತಾನಲ್ರಿ."