ಪೀರಮ್ಮನ ಮೊದಲ ದೂರು

ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿ ಸೊಸೆ ಕಾವೇರಿ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಪೀರಮ್ಮ ನಡುಗುವ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೊರಗಿ ಕೂತಿದ್ದರು.

“ಯವ್ವಾ, ರೊಟ್ಟಿ ಬಡೀಲಿಕತ್ತಿಯೋ, ಡೊಳ್ಳೋ?”

“ಡೊಳ್ಳು ಬಡದ್ರ ನೀವು ಕುಣೀತೀರೇನ್ರಿ, ಅತ್ತಿ?”

ಲಿಂಗಸುಗೂರು ಕಡೆಯಿಂದ ಬಂದ ಪೀರಮ್ಮ ಮಹದೇವಪುರದ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದರು. ಕೈ ನಡುಗಿಸುವ ಪಾರ್ಕಿನ್‌ಸನ್ ಕಾಯಿಲೆ ಆ ಕೆಲಸ ನಿಲ್ಲಿಸಿತು. 2008ರಲ್ಲಿ ದತ್ತಿ ಸಂಸ್ಥೆಯೊಂದರ ನೆರವಿನಿಂದ, ಹಲಸೂರಿನ ಬಳಿಯ ಆಸ್ಪತ್ರೆಯಲ್ಲಿ ಅವರ ಮಿದುಳಿನೊಳಗೆ ಎರಡು ತಂತಿಗಳನ್ನೂ ಎದೆಯ ಚರ್ಮದಡಿ ಬ್ಯಾಟರಿಯನ್ನೂ ಇಟ್ಟರು. ತಂತಿಯ ತುದಿಯ ಯಾವ ಜಾಗದಿಂದ ಎಷ್ಟು ಕರೆಂಟ್ ಬಿಟ್ಟರೆ ಕೈ ಹತೋಟಿಗೆ ಬರುತ್ತದೆ ಎಂದು ಹುಡುಕುವುದು ಬಾಕಿ ಇತ್ತು. ಎಂಆರ್‌ಐ ತೆಗೆದು ನೋಡೋಣವೆಂದರೆ, ತಂತಿಯಿರುವ ತಲೆಯನ್ನು ಅದಕ್ಕೆ ಒಡ್ಡುವುದು ಅಪಾಯ. ಆ ಜಾಗ ಹುಡುಕುತ್ತಿದ್ದ ಡಾ. ಅಂಜನಮೂರ್ತಿಗೆ ದಾರಿ ತೋರಬೇಕಾದದ್ದು ಪೀರಮ್ಮನ ಕೈ ಮತ್ತು ಮಾತು.

ಮಾತು ನೆರವಾಗಲಿಲ್ಲ. ಕರೆಂಟ್ ಬದಲಿಸಿ ಕೇಳಿದಾಗಲೆಲ್ಲ ಒಂದೇ ಉತ್ತರ: “ಆರಾಮ ಐತ್ರಿ, ಸಾಹೇಬ್ರ.” ಉಪಕಾರ ಮಾಡಿದವರ ಮುಂದೆ ಕೊರತೆ ಹೇಳುವುದು ಅವರ ರೂಢಿಯಲ್ಲಿರಲಿಲ್ಲ. ಮನೆಯಲ್ಲಿ ಚೊಂಬು ಕೈಜಾರುವುದನ್ನು ಕಾವೇರಿ ಒಮ್ಮೆ ಹೇಳಿಬಿಟ್ಟಳು. ಡಾಕ್ಟರು ನಕ್ಕರು. “ಸರಿ, ಮುಂದಿನ ಸಲ ಹಿಟ್ಟು, ಮಣೆ ತಗೊಂಡ್ಬನ್ನಿ. ಇಲ್ಲೇ ರೊಟ್ಟಿ ಬಡೀಲಿ, ನೋಡೋಣ.”

ಈ ಬುಧವಾರ ಪರೀಕ್ಷೆಯ ಕೋಣೆಯ ನೆಲದ ಮೇಲೆ ಮಣೆ ಇಟ್ಟರು. ಡಾಕ್ಟರು ಪಕ್ಕದಲ್ಲಿ ಮೊಣಕಾಲೂರಿ, ಪೀರಮ್ಮನ ಎದೆಯ ಬಳಿ ಕರೆಂಟ್ ಬದಲಿಸುವ ಸಣ್ಣ ಯಂತ್ರ ಹಿಡಿದರು. ಮೊದಲ ಜಾಗದಿಂದ ಕರೆಂಟ್ ಬಿಟ್ಟಾಗ ರೊಟ್ಟಿಯ ಅಂಚು ಹರಿಯಿತು.

“ಆರಾಮ ಐತ್ರಿ.”

“ಹರದೈತಿ ನೋಡ್ರಿ, ಅತ್ತಿ!”

ಮುಂದಿನ ಜಾಗದಲ್ಲಿ ಬೆರಳು ಬಿಗಿದು, ತುಟಿ ಒಂದು ಕಡೆಗೆ ಎಳೆದುಕೊಂಡಿತು. ಡಾಕ್ಟರು ತಕ್ಷಣ ಕರೆಂಟ್ ಇಳಿಸಿದರು. ಅದರಾಚೆಯ ಜಾಗದಲ್ಲಿ, ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದಂತೆ, ತಡವರಿಸುತ್ತಿದ್ದ ಬಡಿತದ ಸದ್ದು ಸಮವಾಯಿತು. ರೊಟ್ಟಿ ಅಂಗೈಯಡಿ ತಿರುಗತೊಡಗಿತು. ಡಾಕ್ಟರು ರೊಟ್ಟಿಯನ್ನೇ ನೋಡುತ್ತಿದ್ದರು. ಪೀರಮ್ಮನಿಗೆ ಅವರು ಅಲ್ಲಿರುವುದೇ ಮರೆತಂತಿತ್ತು.

“ಕಾವೇರಿ, ಏನ ಹಿಟ್ಟ ಕಲಸಿಯವ್ವಾ ಇದು? ಅಂಬಲಿ ಆಗೇತಿ. ನಿಮ್ಮವ್ವ ಇದ್ನ ಕಲಿಸ್ಯಾಳೇನು?”

ಆ ಕೋಣೆಯಲ್ಲಿ ಪೀರಮ್ಮ ಹೇಳಿದ ಮೊದಲ ದೂರು ಅದು. ಡಾಕ್ಟರು ಯಂತ್ರ ಕೆಳಗಿಟ್ಟರು. “ಕರೆಂಟ್ ಇಲ್ಲೇ ಇರ್ಲಿ,” ಎಂದರು.

ಮುಂದಿನ ಬುಧವಾರ ಎಡಗೈಯ ಸರದಿ. ಹಿಟ್ಟನ್ನು ಪೀರಮ್ಮ ತಾವೇ ಕಲಸಿ ತರುತ್ತಾರೆ.