ಹಾಲಪ್ಪ ಮತ್ತು ಇಳಿಜಾರು

ನರಸಿಂಹರಾಜಪುರದ ಹಳೇ ಗ್ರಂಥಾಲಯದ ಅಟೆಂಡರ್ ಹಾಲಪ್ಪನನ್ನು ನಾನು ಮೊದಲು ಊರ ಮುದುಕರಿಗೆಲ್ಲ ಅಳಿಯನೇನೋ ಅಂದುಕೊಂಡಿದ್ದೆ. ಪೇಪರ್ ಓದಲು ಬರುವ ಅವರೆಲ್ಲ ಒಂಬತ್ತು ಕಲ್ಲು ಮೆಟ್ಟಿಲು ಹತ್ತುತ್ತಿದ್ದದ್ದೇ ಇವನ ಕೈ ಹಿಡಿದು. ಎರಡು ಸಾವಿರದ ಆರರಲ್ಲಿ ಕಟ್ಟಡ ದುರಸ್ತಿಯಾಗಿ, ಪಕ್ಕದಲ್ಲಿ ಗಾಲಿಕುರ್ಚಿಯೂ ಹೋಗುವಂಥ ಸಿಮೆಂಟಿನ ಇಳಿಜಾರು, ಅದಕ್ಕೊಂದು ಕಬ್ಬಿಣದ ಕಂಬಿ ಬಂದವು. ಅಂದಿನಿಂದ ಹಾಲಪ್ಪ ಅದನ್ನು ಸವತಿಯನ್ನು ನೋಡಿದ ಹಾಗೆ ನೋಡುತ್ತಾನೆ. “ಯಾರ ಮಂಡಿ ನೋಯ್ತದೆ ಅಂತ ಅದಕ್ಕೆಂತ ಗೊತ್ತು?” ಎಂದು ಬಂದವರಿಗೆಲ್ಲ ದೂರುತ್ತಾನೆ. ಆದರೂ ಮಳೆಗಾಲದಲ್ಲಿ ಬೆಳಿಗ್ಗೆ ಬಂದವನೇ, ಯಾರೂ ಜಾರದಿರಲೆಂದು ಅದರ ಪಾಚಿ ಉಜ್ಜುವವನೂ ಅವನೇ. ಮೊನ್ನೆ ರಿಟೈರ್ಡ್ ಟೀಚರ್ ಪ್ರೇಮಕ್ಕ ಒಬ್ಬರೇ ಹತ್ತಿ ಬಂದು, “ನೋಡೋ, ಇನ್ನು ನೀನೇ ಬೇಡ!” ಅಂದರು. ಅವನ ಮುಖ ಸಣ್ಣದಾಯಿತು. “ಸಿಮೆಂಟಿನ ಮೇಲೂ ಹೊಟ್ಟೆಕಿಚ್ಚಾ ಮಾರಾಯ?” ಎಂದೆ. “ಹೌದು. ಎಲ್ಲರೂ ಕಂಬಿ ಹಿಡೀತಾರೆ. ನಾನು ಯಾರನ್ನ ಹಿಡೀಲಿ?”